ಪ್ರಶ್ನೆ ಯಾರದು

ಅವರು ಕೂರುತ್ತಿದ್ದ ಕುರ್ಚಿಗೆ ಈ ವರ್ಷ ಬಂದಿರುವ ಹುಡುಗಿ ಮೊನ್ನೆ ನನ್ನನ್ನು ಕೇಳಿದಳು, ಇಲ್ಲಿ ಮೊದಲು ಇದ್ದ ಗಣಿತದ ಮೇಡಂ ಹೇಗಿದ್ದರು ಅಂತ. ಬಹಳ ಧೈರ್ಯದವರು ಅಂದುಬಿಟ್ಟೆ. ಅವಳು ತಲೆಯಾಡಿಸಿ ತನ್ನ ಕೆಲಸಕ್ಕೆ ತೊಡಗಿದಳು. ನಾನು ಮಾತ್ರ ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಕೂತೆ. ನಾನು ಕಂಡವರಲ್ಲಿ ಅಷ್ಟು ಹೆದರುತ್ತಿದ್ದವರು ಇನ್ನೊಬ್ಬರಿಲ್ಲ. ಬಿಟ್ಟು ಹೋದವರ ಮಾತು ಬಂದಾಗ ಬಾಯಿ ತಾನಾಗಿ ಒಂದು ಒಳ್ಳೆಯ ಶಬ್ದ ಹುಡುಕಿಕೊಂಡುಬಿಡುತ್ತದೆ. ಆಮೇಲೆ ನೆನಪು ಆ ಶಬ್ದದ ಅಳತೆಗೆ ಬಟ್ಟೆ ಹೊಲಿಯುತ್ತದೆ. ಹಾಗಾಗುವ ಮೊದಲು ಅವರ ಹೆದರಿಕೆಯನ್ನಾದರೂ ಇದ್ದ ಹಾಗೆ ಬರೆದಿಡಬೇಕು.

ಭಾಲ್ಕಿಯ ನಮ್ಮ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕಿ, ನಾನು ಕನ್ನಡ ಕಲಿಸುವ ಕಾಯಂ ಉಪನ್ಯಾಸಕಿ. ಅತಿಥಿ ಅಂದರೆ ಪ್ರತಿ ವರ್ಷ ಪಟ್ಟಿಯಲ್ಲಿ ಹೆಸರು ಬಂದರೆ ಕೆಲಸ, ಬರದಿದ್ದರೆ ಇಲ್ಲ. ಡಾಕ್ಟರೇಟ್ ಇದ್ದವರ ಹೆಸರು ಮೇಲಕ್ಕೆ ಬರುತ್ತದೆ. ಅವರ ಮಹಾಪ್ರಬಂಧ ಮುಗಿಯುವ ಹಂತದಲ್ಲಿತ್ತು. ಅವರ ಬಾಡಿಗೆ ಮನೆ ಬೀದರಿನ ಮೈಲೂರಿನಲ್ಲಿ, ನಮ್ಮದು ಚಿದ್ರಿಯಲ್ಲಿ. ದಿನಾ ಒಂದೇ ಬಸ್ಸಿಗೆ ಹೋಗಿಬರುತ್ತಿದ್ದೆವು. ನನಗಿಂತ ಬಹಳ ಚಿಕ್ಕವರು. ಕಾಲೇಜಿನಲ್ಲಿ ನನ್ನನ್ನು ಮೇಡಂ ಅನ್ನುತ್ತಿದ್ದರು, ಬಸ್ಸು ಹತ್ತಿದ ಮೇಲೆ ಅಕ್ಕಾ.

ಮುಂದಿನ ಲಾರಿಯನ್ನು ಹಿಂದೆ ಹಾಕಲು ಬಸ್ಸು ಬಲಕ್ಕೆ ಹೊರಳಿದರೆ ಅವರು ಮುಂದಿನ ಸೀಟಿನ ಸರಳು ಹಿಡಿದು ಕಣ್ಣು ಮುಚ್ಚುತ್ತಿದ್ದರು. ಫೋನನ್ನು ಯಾವಾಗಲೂ ಮುಖ ಕೆಳಗೆ ಮಾಡಿ ಇಡುತ್ತಿದ್ದರು, ಯಾರ ಹೆಸರು ಕಾಣಿಸುತ್ತದೋ ಎಂಬ ಹೆದರಿಕೆಗೆ. ಪ್ರಾಚಾರ್ಯರು ವರಾಂಡದಲ್ಲಿ ಹಾದುಹೋದರೆ ಒಳಗೆ ಕೂತಿದ್ದ ಇವರು ಎದ್ದು ನಿಲ್ಲುತ್ತಿದ್ದರು. ಅವರಿಗೆ ಇವರು ಕಾಣುತ್ತಿರಲಿಲ್ಲ, ಆದರೂ. ತರಗತಿಯ ಬಾಗಿಲಲ್ಲಿ ನಿಂತು ಎರಡು ಗುಟುಕು ನೀರು ಕುಡಿದೇ ಒಳಗೆ ಹೋಗುವರು. ಕಪ್ಪುಹಲಗೆಯ ಮುಂದೆ ಮಾತ್ರ ಆ ಅಂಜಿಕೆ ಮಾಯವಾಗುತ್ತಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಮಾಯವಾಗುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ನನಗೆ ಅವರ ಸೀಮೆಸುಣ್ಣ ಹಲಗೆಗೆ ಟಕಟಕ ತಾಗುವುದು ಕೇಳುತ್ತಿತ್ತು. ಕೈ ನಡುಗದವರ ಸುಣ್ಣ ಹಾಗೆ ಸದ್ದು ಮಾಡುವುದಿಲ್ಲ.

ಮಕ್ಕಳಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ತಿಳೀಲಿಲ್ಲ ಅಂತ ಅನಬ್ಯಾಡ್ರಿ. ಎಲ್ಲಿತನಕ ತಿಳೀತು ಅಂತ ಹೇಳ್ರಿ." ಮಕ್ಕಳಿಗೆ ಇದು ಬರುತ್ತಿರಲಿಲ್ಲ. ಹಿಂದಿನ ಬೆಂಚಿನವಳು ಎದ್ದು ಪಕ್ಕದವಳನ್ನು ತೋರಿಸಿ, ಮೇಡಂ ಇಕಿಗಿ ತಿಳಿದಿಲ್ಲಂತ್ರಿ ಅನ್ನುವಳು. ಪಕ್ಕದವಳು ನಾನೇನ್ ಅಂದಿಲ್ರಿ ಅನ್ನುವಳು. ಎಲ್ಲರೂ ನಗುವರು. ಪ್ರಶ್ನೆ ಅಲ್ಲಿಗೆ ಮುಗಿಯಿತು.

ಇದು ಆ ಹುಡುಗಿಯದಷ್ಟೇ ಅಲ್ಲ. ನಮ್ಮ ಕಡೆ ತನ್ನ ಪ್ರಶ್ನೆಯನ್ನು ತಾನು ಕೇಳುವ ರಿವಾಜೇ ಇಲ್ಲ. ತಹಸೀಲ ಕಚೇರಿಗೆ ಹೋದವನು, ನಮ್ಮ ಮನಿ ಬಾಜೂಕ ಒಬ್ರು ಅದಾರ, ಅವರ ಹೊಲದ್ದು ಒಂದು ತಕರಾರು ಅದ ಅನ್ನುತ್ತಾನೆ. ಗುಮಾಸ್ತನಿಗೂ ಗೊತ್ತು ಹೊಲ ಪಕ್ಕದ ಮನೆಯವರದಲ್ಲ, ಇವನದೇ ಅಂತ. ಅವನೂ, ನಿಮ್ಮ ಬಾಜೂಕಿನವರಿಗೆ ಹೀಂಗ ಮಾಡು ಅಂತ ಹೇಳ್ರಿ ಅನ್ನುತ್ತಾನೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಡಾಕ್ಟರ ಮುಂದೆ ಕೂತು ತನ್ನ ಹೊಟ್ಟೆನೋವನ್ನು ತಂಗಿಯ ಹೊಟ್ಟೆನೋವು ಅಂದವರನ್ನೂ ನಾನು ನೋಡಿದ್ದೇನೆ.

ಜಗತ್ತಿನ ಗಣಿತಜ್ಞರು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುವ ಒಂದು ಜಾಲತಾಣವಿದೆ ಎಂದು ನನಗೆ ಗೊತ್ತಾದದ್ದು ಅವರಿಂದ. ಅವರು ಅದಕ್ಕೆ ಕಟ್ಟಿ ಅನ್ನುತ್ತಿದ್ದರು, ಹಿರಿಯರು ಕೂರುವ ಊರ ಕಟ್ಟೆ ಎಂಬ ಅರ್ಥದಲ್ಲಿ. ಬಸ್ಸಿನಲ್ಲಿ ಫೋನು ಹಿಡಿದು ಬರೀ ಓದುತ್ತಿದ್ದರು. ಯಾರು ಏನು ಕೇಳಿದರು, ಯಾರಿಗೆ ಉತ್ತರ ಸಿಕ್ಕಿತು, ಯಾರನ್ನು ಸುಮ್ಮನಾಗಿಸಿದರು. ಕೆಟ್ಟ ಪ್ರಶ್ನೆಗೆ ಅಲ್ಲಿ ಬೀಗ ಹಾಕುತ್ತಾರಂತೆ, ಆಮೇಲೆ ಅದಕ್ಕೆ ಯಾರೂ ಉತ್ತರ ಬರೆಯುವಂತಿಲ್ಲ. ಇದನ್ನು ಹೇಳುವಾಗ ಅವರ ಸ್ವರ ಇಳಿಯುತ್ತಿತ್ತು, ಪಕ್ಕದ ಮನೆಯ ಸಾವಿನ ಸುದ್ದಿ ಹೇಳುವ ಹಾಗೆ.

ಅವರ ಊರು ಔರಾದ ತಾಲ್ಲೂಕಿನ ಚಿಂತಾಕಿ. ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಮನೆತನ. ಅವರ ಅಜ್ಜ ಊರ ಕಟ್ಟೆಯ ಮುಂದೆ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತಂತೆ. ಕೇಳುವುದಿದ್ದರೆ ಬೇರೆಯವರ ಬಾಯಿಂದ ಕೇಳಿಸಬೇಕಿತ್ತಂತೆ. ಇವರ ಹೆದರಿಕೆಯ ಬೇರು ಅಲ್ಲೇ ಇದೆ ಎಂದು ನನಗೆ ಥಟ್ಟನೆ ಹೊಳೆದು, ಬಸ್ಸಿನಲ್ಲೇ ಅವರಿಗೆ ಹೇಳಿದೆ. ಅವರು ನಕ್ಕರು. "ನಮ್ಮ ಅಜ್ಜ ಯಾರಿಗೂ ಅಂಜತಿದ್ದಿಲ್ರಿ ಅಕ್ಕಾ. ಬೈಕೋತ ಹಾಯತಿದ್ದ. ಅಂಜಾಕಿ ನಾನೇ." ನನ್ನ ವಿವರಣೆ ಅಲ್ಲಿಗೆ ಸತ್ತಿತು. ಹಾಗಾದರೆ ಆ ಹೆದರಿಕೆ ಎಲ್ಲಿಂದ ಬಂತು?

ಅವರಿಗೆ ಕೇಳುವುದಿದ್ದ ಪ್ರಶ್ನೆಯನ್ನು ಅವರು ನನಗೆ ಹೇಳಿದ್ದು ಹೀಗೆ. ಹತ್ತು ಊರುಗಳಿವೆ. ನಡುನಡುವೆ ರಸ್ತೆಗಳಿವೆ. ಯಾವುದಾದರೂ ಒಂದು ಊರನ್ನು ಬಿಟ್ಟರೆ, ಉಳಿದ ಊರುಗಳಿಗೆ ಒಂದೊಂದೇ ಸಲ ಹೋಗಿ ಹೊರಟಲ್ಲಿಗೇ ತಿರುಗಿ ಬರಲು ದಾರಿ ಇದೆ. ಯಾವ ಊರು ಬಿಟ್ಟರೂ ಇದೆ. ಹಾಗಿದ್ದ ಮೇಲೆ ಒಂದನ್ನೂ ಬಿಡದೆ ಎಲ್ಲವನ್ನೂ ಸುತ್ತಿ ಬರಲು ದಾರಿ ಇರುತ್ತದೋ ಇಲ್ಲವೋ? ಇರಲೇಬೇಕಲ್ಲ ಅಂದೆ. "ಎಲ್ಲಾರೂ ಹಂಗೇ ಅಂತಾರ್ರಿ," ಎಂದು ಅಂಗೈ ಮೇಲೆ ಪೆನ್ನಿನಿಂದ ಚಿತ್ರ ಬರೆದು ತೋರಿಸಿದರು. ಹೊರಗೆ ಐದು ಮೂಲೆ, ಒಳಗೊಂದು ನಕ್ಷತ್ರ. ಒಂದು ಊರು ಬಿಟ್ಟಾಗ ಬೆರಳು ಸುತ್ತಿ ಬರುತ್ತಿತ್ತು. ಎಲ್ಲವನ್ನೂ ಸೇರಿಸಿದರೆ ಎಲ್ಲೋ ಒಂದು ಕಡೆ ತಡೆಯುತ್ತಿತ್ತು.

ಇದು ಹಳೆಯ ಸಂಗತಿ, ಆ ವಿಷಯ ಓದಿದವರೆಲ್ಲರಿಗೂ ಗೊತ್ತಿರುವುದು. ಅವರ ಪ್ರಬಂಧದ ಮಾತೇ ಬೇರೆ, ಅದರ ಷರತ್ತುಗಳು ನನಗೆ ತಿಳಿಯುವಂಥವಲ್ಲ. ಆದರೆ ಎಲುಬು ಇದೇ ಅಂದರು. ಒಂದೊಂದನ್ನು ಬಿಟ್ಟಾಗಲೂ ಇರುವ ಗುಣ, ಎಲ್ಲ ಸೇರಿದಾಗಲೂ ಇರುತ್ತದೆಯೇ? ಇರುತ್ತದೆ ಎಂದು ಅವರಿಗೆ ಪಿಎಚ್.ಡಿ. ಮಾಡಿಸುತ್ತಿದ್ದ ಗೈಡ್ ತಮ್ಮ ಹಳೆಯ ಲೇಖನವೊಂದರಲ್ಲಿ ಬರೆದಿದ್ದರು. ಆ ಜಾಗದಲ್ಲಿ ಸಾಧಿಸಿ ತೋರಿಸಿರಲಿಲ್ಲ, ಇದು ಸ್ಪಷ್ಟ ಎಂದಷ್ಟೇ ಇತ್ತು. ಇವರ ಪ್ರಬಂಧದ ದೊಡ್ಡ ಅಧ್ಯಾಯ ನಿಂತದ್ದು ಆ ಸಾಲಿನ ಮೇಲೆ. ಎಷ್ಟೋ ವರ್ಷ ಅದರ ಮೇಲೆ ನಡೆದಾಡಿದ ಮೇಲೆ ಒಂದು ದಿನ ಕಾಲ ಕೆಳಗೆ ಟೊಳ್ಳು ಸದ್ದು ಕೇಳಿದಂತಾಯಿತಂತೆ. ಸ್ಪಷ್ಟ ಯಾಕೆ? ಅವರಿಗೆ ಸ್ಪಷ್ಟವಾಗಲಿಲ್ಲ.

ಮೊದಲ ಸಲ ಕಟ್ಟೆಯ ಮೇಲೆ ಅವರು ಕೇಳಿದ್ದು ನಮ್ಮ ರಿವಾಜಿನ ಪ್ರಕಾರ. ಪೂಜ್ಯ ವಿದ್ವಾಂಸರಿಗೆ ನಮಸ್ಕಾರ ಎಂದು ಶುರುಮಾಡಿ, ನಾನು ದೂರದ ಒಂದು ಸಣ್ಣ ಊರಿನವಳು, ತಪ್ಪಿದ್ದರೆ ಕ್ಷಮಿಸಬೇಕು ಎಂದು ಬರೆದು, ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದ್ದಾಳೆ ಎಂದು ಪ್ರಶ್ನೆ ಇಟ್ಟಿದ್ದರು. ಅಲ್ಲಿಯ ಯಾರೋ ಒಬ್ಬರು ಬಂದು ನಮಸ್ಕಾರವನ್ನೂ ಕ್ಷಮೆಯನ್ನೂ ಅಳಿಸಿ ಹೋದರು. ಹಾಗೆ ಅಳಿಸುವುದು ಅಲ್ಲಿಯ ಪದ್ಧತಿ, ಸಿಟ್ಟೇನಲ್ಲ. ಇವರಿಗೆ ಮಾತ್ರ, ಮನೆಯಲ್ಲಿ ಯಾರೂ ಇಲ್ಲದಾಗ ಯಾರೋ ಹೊಕ್ಕು ಪಾತ್ರೆಗಳನ್ನು ಬೇರೆ ಕಡೆ ಜೋಡಿಸಿಟ್ಟು ಹೋದ ಹಾಗಾಯಿತು. ಇನ್ನೊಬ್ಬರು, ಇದು ಮನೆಪಾಠದ ಲೆಕ್ಕವೇ, ಆ ವಿದ್ಯಾರ್ಥಿನಿ ತಾನೇ ಬಂದು ಕೇಳಲಿ, ತಾನು ಏನು ಪ್ರಯತ್ನಿಸಿದ್ದಾಳೆ ಹೇಳಲಿ ಎಂದರು. ಮಧ್ಯಾಹ್ನದ ಹೊತ್ತಿಗೆ ಬೀಗ ಬಿತ್ತು.

ಮರುದಿನ ಅವರು ಕಾಲೇಜಿಗೆ ಬರಲಿಲ್ಲ. ಜ್ವರ ಎಂದು ತಿಳಿಸಿದ್ದರು. ಜ್ವರ ಇತ್ತೋ ಇಲ್ಲವೋ. ಇತ್ತು ಎಂದು ಅವರೇ ಆಮೇಲೆ ನನಗೆ ಹೇಳಿದರು, ಇರಲಿಲ್ಲ ಎಂದೂ ಇನ್ನೊಮ್ಮೆ ಹೇಳಿದರು. ಎರಡು ಸಲವೂ ಒಂದೇ ರೀತಿ ನಕ್ಕರು.

ಆಮೇಲೆ ಶುರುವಾಯಿತು ಬಸ್ಸಿನ ಪರೀಕ್ಷೆ. ಪ್ರಶ್ನೆಯನ್ನು ಅವರು ಮತ್ತೆ ಮತ್ತೆ ಬರೆಯುವರು, ನನಗೆ ಓದಿ ಹೇಳುವರು. ನಾನು ಗಣಿತ ಬಾರದವಳು. ಅದಕ್ಕೇ ನಾನು ಬೇಕಿತ್ತು. "ಉತ್ತರಾ ಬ್ಯಾಡ್ರಿ. ನಾ ಏನ್ ಕೇಳ್ಲಿಕತ್ತೇನಿ, ಎಲ್ಲಿ ನಿಂತೇನಿ, ಅಷ್ಟು ಹೇಳ್ರಿ." ಹೇಳಲು ನಾನು ತಡವರಿಸಿದರೆ ಒಂದು ವಾಕ್ಯ ಹೊಡೆದು ಹಾಕುವರು. ನಮಸ್ಕಾರ ಹೋಯಿತು, ದೂರದ ಊರು ಹೋಯಿತು. ಎರಡು ಪ್ರಶ್ನೆಗಳಿದ್ದವು, ಒಂದು ಹೋಯಿತು. ಸಣ್ಣ ಸಂದರ್ಭಗಳಲ್ಲಿ ತಾವೇ ಪರೀಕ್ಷಿಸಿ ನೋಡಿದ್ದು ಸೇರಿತು. ಕಡೆಗೆ ಉಳಿದದ್ದು ಇಷ್ಟು: ಇಂಥ ಲೇಖನದಲ್ಲಿ ಇದು ಸ್ಪಷ್ಟ ಎಂದಿದೆ. ನನಗೆ ಸ್ಪಷ್ಟವಾಗಿಲ್ಲ. ಸಣ್ಣ ಸಂದರ್ಭಗಳಲ್ಲಿ ನಿಜ ಎಂದು ನೋಡಿದ್ದೇನೆ. ಮುಂದೆ ಇಲ್ಲಿ ತಡೆದಿದ್ದೇನೆ. ಎಲ್ಲ ಸಂದರ್ಭಗಳಲ್ಲೂ ಇದು ನಿಜವೇ?

ಇಂಥ ಲೇಖನ. ಅದೇ ತೊಡಕು. ಪ್ರಶ್ನೆ ಎಲ್ಲಿಂದ ಬಂತು ಎಂದು ಅಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಕೇಳಿಯೇ ಕೇಳುತ್ತಾರೆ. ಹೇಳಿದರೆ ಗೈಡ್ ಹೆಸರು ಜಗತ್ತಿನ ಮುಂದೆ ಬರುತ್ತದೆ. ಅವರ ಸಹಿ ಇಲ್ಲದೆ ಪ್ರಬಂಧ ಇಲ್ಲ, ಪ್ರಬಂಧ ಇಲ್ಲದೆ ಪಟ್ಟಿಯಲ್ಲಿ ಹೆಸರಿಲ್ಲ. ಬೇರೆ ಹೆಸರಿನಲ್ಲಿ ಕೇಳಿ ಎಂದು ಸಲಹೆ ಕೊಟ್ಟವಳು ನಾನು. ಅಲ್ಲಿ ಅದಕ್ಕೆ ಅಡ್ಡಿ ಇಲ್ಲವಂತೆ, ಬಹಳ ಜನ ಹಾಗೇ ಮಾಡುತ್ತಾರಂತೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಮತ್ತ ಬಾಜೂಕಿನ ಮನಿಯವರು ಕೇಳ್ಯಾರ ಅಂದಂಗ ಆಯ್ತಲ್ರಿ ಅಕ್ಕಾ," ಅಂದರು. ಸಿಟ್ಟಿಲ್ಲ, ಬೇಸರವಿಲ್ಲ. ಅವರ ಕಾಲು ಮಾತ್ರ ಸೀಟಿನ ಕೆಳಗೆ ಒಂದೇ ಸಮ ಅಲುಗುತ್ತಿತ್ತು.

ಮೊದಲು ಗೈಡ್ ಎದುರೇ ಕೇಳುತ್ತೇನೆ ಅಂದರು. ಒಬ್ಬರೇ ಹೋಗಲು ಆಗದೆ ವಿಶ್ವವಿದ್ಯಾಲಯದ ಅವರ ಕೋಣೆಗೆ ನನ್ನನ್ನು ಕರೆದುಕೊಂಡು ಹೋದರು. ಗೈಡ್ ಕೆಟ್ಟ ಮನುಷ್ಯರಾಗಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು. ಅವರು ಎದ್ದು ನಮಗೆ ಕುರ್ಚಿ ಎಳೆದು ಕೊಟ್ಟರು. ಚಹಾ ತರಿಸಿದರು. ಇವರ ತಂದೆಯ ಆರೋಗ್ಯ ಕೇಳಿದರು, ಹೊಲದ ತೊಗರಿ ಹೇಗಿದೆ ಕೇಳಿದರು. ಇವರು ಚಹಾ ಮುಟ್ಟಲಿಲ್ಲ. ಕಪ್ಪಿನ ಮೇಲೆ ಕೆನೆ ಕಟ್ಟಿತು. ಕಡೆಗೆ ಇವರ ಬಾಯಿಂದ ಬಂದದ್ದು ಹಳೆಯ ಮಾತೇ.

"ಸರ್, ನಿಮ್ಮ ಪೇಪರಿಂದು ಒಂದು ಸಾಲು ಅದ. ಅದು ಹ್ಯಾಂಗ ಅಂತ ಒಬ್ರು ಕೇಳ್ಲಿಕತ್ತಾರ."

"ಯಾರು?"

ಗೈಡ್ ಸಹಜವಾಗಿ ಕೇಳಿದ್ದರು. ಇವರು ನನ್ನ ಕಡೆ ನೋಡಿದರು. ಒಂದು ಕ್ಷಣ ಆ ಒಬ್ಬರು ನಾನೇ ಆಗಿಬಿಡುತ್ತೇನೇನೋ ಅನ್ನಿಸಿತು. ಇವರು ಕಣ್ಣು ಕೆಳಗೆ ಹಾಕಿದರು.

"ನಾನೇ ರೀ ಸರ್."

ಗೈಡ್ ನಕ್ಕರು, ಮಗಳ ಮಾತಿಗೆ ನಕ್ಕ ಹಾಗೆ. ಪ್ರಬಂಧ ಬೈಂಡಿಂಗಿಗೆ ಹೋಗುವ ಹೊತ್ತು, ಈಗ ಕೇಳುವ ಸಮಯವಲ್ಲ, ಮೊದಲು ಮೌಖಿಕ ಪರೀಕ್ಷೆ ಮುಗಿಯಲಿ, ಆಮೇಲೆ ಇಬ್ಬರೂ ಕೂತು ನಿಧಾನವಾಗಿ ನೋಡೋಣ ಅಂದರು. ಆ ಸಾಲು ಸರಿ ಇದೆ ಅನ್ನಲಿಲ್ಲ. ತಪ್ಪಿದೆ ಎಂದೂ ಅನ್ನಲಿಲ್ಲ. ಬಾಗಿಲ ತನಕ ಬಂದು ಕಳಿಸಿದರು. ಹೊರಗೆ ಮರದ ಕೆಳಗೆ ಇವರು ಕೂತುಬಿಟ್ಟರು.

ಪ್ರಶ್ನೆಯನ್ನು ತಮ್ಮ ಸ್ವಂತ ಹೆಸರಿನಲ್ಲಿ, ಲೇಖನದ ಹೆಸರು ಕೊಟ್ಟು ಹಾಕಿದ್ದು ಅದೇ ವಾರ. ಧೈರ್ಯದಿಂದ ಹಾಕಿದರು ಎಂದು ಬರೆಯಲಾರೆ. ಸ್ಟಾಫ್ ರೂಮಿನಲ್ಲಿ ಕೂತು ಹಾಕಿದರು, ಹಾಕಿದ ಮೇಲೆ ಫೋನು ಮುಖ ಕೆಳಗೆ ಮಾಡಿ ಅದರ ಮೇಲೆ ಪುಸ್ತಕ ಇಟ್ಟರು.

ಈ ಸಲ ಯಾರೂ ಏನೂ ಅಳಿಸಲಿಲ್ಲ. ಬೀಗ ಬೀಳಲಿಲ್ಲ. ಉತ್ತರವೂ ಬರಲಿಲ್ಲ. ಒಬ್ಬರು ಒಳ್ಳೆಯ ಪ್ರಶ್ನೆ ಎಂದಷ್ಟೇ ಬರೆದು ಹೋದರು. ಅದು ಅವರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಕೆಟ್ಟ ಪ್ರಶ್ನೆಯಾಗಿದ್ದರೆ, ನಿನಗೆ ತಿಳಿದಿಲ್ಲ, ಸಾಲು ಸರಿ ಇದೆ ಅನ್ನುತ್ತಿದ್ದರು. ಒಳ್ಳೆಯದು ಅಂದರೆ ಅವರಿಗೂ ಸ್ಪಷ್ಟವಾಗಿಲ್ಲ ಅಂತ ಅರ್ಥ. ಆ ದಿನಗಳಲ್ಲಿ ನನಗೂ ಅಂಜಿಕೆ ಹತ್ತಿತ್ತು. ಏನೂ ತಿಳಿಯದ ಗಣಿತದ ಒಂದು ಸಾಲಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ, ನಿಜವಾಗಿರಪ್ಪಾ ಅಂತ.

ಉತ್ತರ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಫೋನು ಗುರ್ ಅಂದಿತು. ಅವರು ಮುಟ್ಟಲಿಲ್ಲ. ನೀವು ಓದಿ ಎಂದು ನನ್ನ ಕಡೆ ಸರಿಸಿದರು. ಇಂಗ್ಲಿಷಿನ ನಾಲ್ಕೈದು ಸಾಲು, ಕೆಳಗೊಂದು ಚಿತ್ರ, ಚುಕ್ಕೆ ಮತ್ತು ಗೆರೆ. ಮೊದಲ ಶಬ್ದವೇ ಸಾಕಾಗಿತ್ತು.

"ಹೌದೋ, ಅಲ್ಲೋ?"

"ಅಲ್ಲ ಅಂದಾರ," ಅಂದೆ.

ರೊಟ್ಟಿಯ ಡಬ್ಬಿ ಮುಚ್ಚಿದರು. ಕೈ ತೊಳೆದು ಬಂದು, ಪೆನ್ಸಿಲ್ ತೆಗೆದು ಚಿತ್ರವನ್ನು ಕಾಗದಕ್ಕೆ ಇಳಿಸಿಕೊಂಡರು. ಒಂದೊಂದೇ ಚುಕ್ಕೆ ಬಿಟ್ಟು ಬಿಟ್ಟು ಸುತ್ತಿದರು. ಉತ್ತರ ಕೊಟ್ಟವರ ಹೆಸರು ದೊಡ್ಡದಿದ್ದರೂ ತಾವೇ ನೋಡದೆ ಒಪ್ಪುವವರಲ್ಲ. ಉತ್ತರವೇ ತಪ್ಪಿರಲಿ ಎಂದು ನಾನು ಎಷ್ಟು ಬೇಡಿಕೊಂಡೆನೋ. ಗಂಟೆ ಹೊಡೆಯಿತು. ಅವರ ತರಗತಿಗೆ ನಾನು ಹೋಗಿ ಹಾಜರಿ ಹಿಡಿದು ಬಂದೆ. ಬಂದಾಗ ಪೆನ್ಸಿಲ್ ಕೆಳಗಿತ್ತು.

ಚಂದ ಅದ ಅಂದರು ಎಂದು ನನಗೆ ನೆನಪು. ಸರಿ ಅದ ಅಂದಿರಬಹುದು. ಯಾವುದು ಅಂದರು ಎಂದು ಅವರನ್ನೇ ಒಮ್ಮೆ ಕೇಳಿದ್ದೆ. ಅವರಿಗೂ ನೆನಪಿರಲಿಲ್ಲ.

ಉತ್ತರ ಒಪ್ಪಿದೆ ಎಂದು ಕೇಳಿದವರು ಅಲ್ಲಿ ಒಂದು ಗುರುತು ಒತ್ತಬೇಕು. ಒತ್ತದೆ ಸುಮ್ಮನಿದ್ದರೂ ನಡೆಯುತ್ತದೆ. ಒತ್ತಿದರೆ, ಆ ಸಾಲು ತಪ್ಪು ಎಂದು ಗೈಡಿನ ಶಿಷ್ಯೆಯೇ ತನ್ನ ಹೆಸರಿನಲ್ಲಿ ಹೇಳಿದಂತೆ. ಅವರ ಬೆರಳು ಒಮ್ಮೆ ಬೇರೆಲ್ಲೋ ಬಿತ್ತು, ಪರದೆಯಲ್ಲಿ ಇನ್ನೇನೋ ತೆರೆದುಕೊಂಡಿತು. ಎಡಗೈಯಿಂದ ಬಲಗೈ ಹಿಡಿದು ಒತ್ತಿದರು.

ಗೈಡ್ ಫೋನು ಬಂದದ್ದು ಎರಡು ದಿನದ ಮೇಲೆ. ವರಾಂಡಕ್ಕೆ ಹೋಗಿ ಮಾತಾಡಿ ಬಂದರು. ಬೈದರಾ ಅಂದೆ. ಬೈಯಲಿಲ್ಲವಂತೆ. ಬೇರೆ ಗೈಡ್ ನೋಡಿಕೊಳ್ಳಮ್ಮಾ ಎಂದರಂತೆ, ಬಹಳ ಮೆತ್ತಗೆ. ಬೈದಿದ್ರ ಛಲೋ ಇತ್ರಿ ಅಂದರು. ಆ ಅಧ್ಯಾಯ ತೆಗೆದ ಮೇಲೆ ಪ್ರಬಂಧದಲ್ಲಿ ಪ್ರಬಂಧ ಅನ್ನುವಷ್ಟು ಉಳಿಯಲಿಲ್ಲ. ಆ ವರ್ಷದ ಗಡುವು ದಾಟಿತು. ಮುಂದಿನ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಆಗಲೇ ತಿಳಿದಿತ್ತು.

ಆದರೆ ಅವರು ನಿಜವಾಗಿ ಹೆದರಿದ್ದನ್ನು ನಾನು ನೋಡಿದ್ದು ಇದಾದ ಮೇಲೆ. ಅವರ ತಮ್ಮನ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಮನೆಯ ಎಲ್ಲರ ಹೆಸರು, ಓದು, ನೌಕರಿ ಬರಬೇಕು. ಚಿಂತಾಕಿಯಲ್ಲಿ ಹೊಲ ಮಾಡಿಕೊಂಡಿರುವ ಅವರ ತಂದೆ ತಾವೇ ಔರಾದಿನ ಪ್ರೆಸ್ಸಿಗೆ ಹೋಗಿ, ಕೂತು, ಮಗಳ ಹೆಸರಿನ ಹಿಂದೆ ಡಾ. ಎಂದು ಹಾಕಿಸಿದ್ದರು. ಹೇಗೂ ಮದುವೆಯ ಹೊತ್ತಿಗೆ ಆಗಿರುತ್ತದಲ್ಲ ಎಂಬ ಲೆಕ್ಕ. ಮದುಮಗನ ಹೆಸರಿಗಿಂತ ದಪ್ಪ ಅಕ್ಷರವಂತೆ. ಪತ್ರಿಕೆಗಳು ಅಚ್ಚಾಗಿ ಮನೆಗೆ ಬಂದಿದ್ದವು, ಹಂಚುವುದೊಂದು ಬಾಕಿ.

ಮದುವೆ ಆಗಲಿ, ಆಮೇಲೆ ಹೇಳಿದರಾಯಿತು ಅಂದೆ. ಭಾಲ್ಕಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ನಾನು ಬೀದರಿನ ಬಸ್ಸಿಗೆ, ಅವರು ಅವತ್ತು ಔರಾದಿನ ಬಸ್ಸಿಗೆ. "ಎಲ್ಲಾರೂ ಆಮ್ಯಾಲ ಆಮ್ಯಾಲ ಅಂತಾರ್ರಿ," ಅಂದರು. ಪರ್ಸಿನ ಝಿಪ್ಪನ್ನು ಎಳೆಯುವುದು ಮುಚ್ಚುವುದು ಮಾಡುತ್ತಿದ್ದರು. ಬಸ್ಸು ಬಂತು, ಜನ ನುಗ್ಗಿದರು, ಅವರು ಹತ್ತಲಿಲ್ಲ. ಮುಂದಿನದಕ್ಕೆ ಹೋಗ್ತೇನಿ ಅಂದರು. ಮುಂದಿನದು ಬರುವ ಮೊದಲೇ ನನ್ನ ಬಸ್ಸು ಹೊರಟಿತು. ಅವರು ಹತ್ತಿದರೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಸೋಮವಾರ ನನ್ನ ಮೇಜಿನ ಮೇಲೆ ಲಗ್ನಪತ್ರಿಕೆ ಇಟ್ಟರು, ತುದಿಗೆ ಅರಿಶಿನ ಹಚ್ಚಿದ್ದು. ಅವರ ಹೆಸರಿನ ಹಿಂದಿನ ಆ ಅಕ್ಷರವನ್ನು ನೀಲಿ ಶಾಯಿಯಿಂದ ಹೊಡೆದು ಹಾಕಲಾಗಿತ್ತು. ಗೆರೆ ಓರೆಯಿಲ್ಲದೆ, ಪಕ್ಕದ ಅಕ್ಷರಕ್ಕೆ ತಾಗದೆ, ಹುಷಾರಿನಿಂದ ಎಳೆದ ಗೆರೆ.

ಮನೆಯಲ್ಲಿ ಆದದ್ದನ್ನು ಬಸ್ಸಿನಲ್ಲಿ ಅವರೇ ಹೇಳಿದರು. ತಂದೆ ಪಡಸಾಲೆಯಲ್ಲಿ ಕೂತು ಪತ್ರಿಕೆಗಳನ್ನು ಊರುವಾರು ಬೇರೆ ಮಾಡುತ್ತಿದ್ದರಂತೆ. ಇವರು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರಂತೆ, ಆ ಸಾಲು, ಆ ಪ್ರಶ್ನೆ, ಆ ಉತ್ತರ. ತಂದೆ ತಲೆ ಎತ್ತಲಿಲ್ಲ. ಕೇಳಿಸಿತೋ ಇಲ್ಲವೋ, ಇನ್ನೊಮ್ಮೆ ಹೇಳಬೇಕಾಗುತ್ತದೋ ಏನೋ ಎಂದು ಇವರು ಒಂದು ಹೆಜ್ಜೆ ಒಳಗೆ ಬಂದರಂತೆ. ಆಮೇಲೆ ತಂದೆ ಅಂಗಿಯ ಕಿಸೆಯಿಂದ ಪೆನ್ನು ತೆಗೆದು, ಮೇಲಿನ ಪತ್ರಿಕೆ ಬಿಡಿಸಿ, ಮೊಣಕಾಲ ಮೇಲೆ ಇಟ್ಟುಕೊಂಡರಂತೆ.

"ಏನೂ ಅನಲಿಲ್ರಿ ಅಕ್ಕಾ. ನಿನ್ನ ಕಡೆ ಇನ್ನೊಂದು ಪೆನ್ ಅದ ಏನು ಅಂತ ಕೇಳಿದ್ರು."